ರೊಟ್ಟಿ ಬಡಿಯುವ ಹೊತ್ತಿಗೆ ಡಲ್ಲಾಸ್‌ನಲ್ಲಿ ರಾತ್ರಿ ಎಂಟೂವರೆ

ಬೆಳಿಗ್ಗೆ ಏಳಕ್ಕೆ ವಿಜಯಪುರದ ನಮ್ಮ ಅಡುಗೆಮನೆಯಲ್ಲಿ ಹಂಚು ಕಾಯ್ದಿರುತ್ತದೆ. ಹಿಟ್ಟಿನ ಡಬ್ಬಿಗೆ ಮೊಬೈಲ್ ಆನಿಸಿ ನಿಲ್ಲಿಸುತ್ತೇನೆ. ಆ ಕಡೆ ಅಮೆರಿಕದ ಡಲ್ಲಾಸ್‌ನಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಮಗಳು ಊಟ ಮುಗಿಸಿ ಪಾತ್ರೆ ತೊಳೆಯುತ್ತಿರುತ್ತಾಳೆ. ನಾನು ರೊಟ್ಟಿ ಬಡಿಯುತ್ತೇನೆ, ಅವಳು ಪಾತ್ರೆ ಉಜ್ಜುತ್ತಾಳೆ. ಒಮ್ಮೊಮ್ಮೆ ಐದು ನಿಮಿಷ ಇಬ್ಬರಿಗೂ ಮಾತೇ ಇರುವುದಿಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬಿದಾಗ "ಅವ್ವಾ, ಅದು ನಂದು, ಎತ್ತಿಡು" ಅನ್ನುತ್ತಾಳೆ. ಬುಟ್ಟಿಯಲ್ಲಿ ಅದನ್ನು ಒಂದು ಮಗ್ಗುಲಿಗೆ ಇಡುತ್ತೇನೆ.

ಇಷ್ಟಕ್ಕೆ ಬರಲು ನಮಗೆ ಎರಡು ವರ್ಷ ಹಿಡಿಯಿತು. ಮೊದಲೆಲ್ಲ ಫೋನ್ ಅಂದರೆ ವಿಚಾರಣೆ. "ಊಟ ಆತೇನವಾ?" "ಆತು." "ಆರಾಮ ಅದಿ?" "ಅದೀನಿ." "ಯಾವಾಗ ಬರ್ತಿ?" ಅಲ್ಲಿಗೆ ಮಾತು ಮುಗಿದು, ಇಟ್ಟ ಮೇಲೆ ಇಬ್ಬರಿಗೂ ಸಂಕಟ. ನಮ್ಮ ಓಣಿಯಲ್ಲೇ ನಾಲ್ಕು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ, ಅವರ ತಾಯಂದಿರದೂ ಇದೇ ಮಾತು. ಅದಕ್ಕೆ, ನಾನು ತಪ್ಪು ಮಾಡಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

1. ಮೊದಲು ಗಡಿಯಾರ ಹೊಂದಿಸಿ

ಮೊಬೈಲ್‌ನ ಗಡಿಯಾರ ತೆರೆದರೆ 'ವರ್ಲ್ಡ್ ಕ್ಲಾಕ್' ಅಂತ ಇರುತ್ತದೆ. ಅಲ್ಲಿ ಪ್ಲಸ್ ಗುರುತು ಒತ್ತಿ ಮಗ ಅಥವಾ ಮಗಳು ಇರುವ ಊರಿನ ಹೆಸರು ಸೇರಿಸಿ. ಬೆರಳೆಣಿಸಿ ಲೆಕ್ಕ ಹಾಕುವ ಕಷ್ಟ ತಪ್ಪುತ್ತದೆ. ಲೆಕ್ಕ ತಪ್ಪುವುದು ಹೆಚ್ಚಾಗಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ. ಅಮೆರಿಕದ ಬಹುತೇಕ ಕಡೆ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ಮಾಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಮಾಡುತ್ತಾರೆ. ಹಾಗಾಗಿ ಡಲ್ಲಾಸ್ ನಮಗಿಂತ ಬೇಸಿಗೆಯಲ್ಲಿ ಹತ್ತೂವರೆ ತಾಸು, ಚಳಿಗಾಲದಲ್ಲಿ ಹನ್ನೊಂದೂವರೆ ತಾಸು ಹಿಂದೆ. ಇಂಗ್ಲೆಂಡ್, ಜರ್ಮನಿಯಲ್ಲಿ ಈ ಬದಲಾವಣೆ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ದುಬೈನಲ್ಲಿ ಬದಲಾವಣೆಯೇ ಇಲ್ಲ, ವರ್ಷವಿಡೀ ನಮಗಿಂತ ಒಂದೂವರೆ ತಾಸು ಹಿಂದೆ. ಆದರೆ ಅಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧವಿದೆ. ಯಾವ ಆ್ಯಪ್‌ಗೆ ಅನುಮತಿ ಇದೆ ಎಂದು ಮಕ್ಕಳನ್ನೇ ಕೇಳಿ ಹಾಕಿಸಿಕೊಳ್ಳಿ.

2. ಕೆಲಸದ ಜೊತೆಗೆ ಕರೆ ಕಟ್ಟಿ

"ಪುರಸೊತ್ತು ಆದಾಗ ಮಾಡವಾ" ಅಂದರೆ ಆ ಪುರಸೊತ್ತು ಬರುವುದೇ ಇಲ್ಲ. ನೀವು ದಿನಾಲು ಮಾಡುವ ಒಂದು ಕೆಲಸ, ಅವರು ದಿನಾಲು ಮಾಡುವ ಒಂದು ಕೆಲಸ, ಎರಡೂ ಒಂದೇ ಹೊತ್ತಿಗೆ ಬರುವಂತೆ ನೋಡಿ. ನಮ್ಮಲ್ಲಿ ರೊಟ್ಟಿ ಮತ್ತು ಪಾತ್ರೆ ಕೂಡಿಬಂದವು. ಮಗ ಜರ್ಮನಿಯಲ್ಲಿರುವ ನೆರೆಮನೆಯ ಅಕ್ಕಾರು ರಾತ್ರಿ ಊಟವಾದ ಮೇಲೆ ಶೇಂಗಾ ಸುಲಿಯುತ್ತ ಕೂಡುತ್ತಾರೆ. ಆ ಹೊತ್ತಿಗೆ ಅವನು ಆಫೀಸಿನಿಂದ ಮನೆಗೆ ನಡೆದು ಬರುತ್ತಿರುತ್ತಾನೆ. ಕೈಗೆ ಕೆಲಸವಿದ್ದರೆ ಮಾತಿಗೆ ಅವಸರವಿರುವುದಿಲ್ಲ, ಮಾತಿಲ್ಲದಿದ್ದರೂ ಮುಜುಗರವಿಲ್ಲ. ವಾರಕ್ಕೆ ಮೂರು ದಿನ, ಹದಿನೈದು ನಿಮಿಷ ಸಾಕು. ಭಾನುವಾರ ಎರಡು ತಾಸು ಕೂರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಚಿತ್ರ ನಿಂತು ನಿಂತು ಬಂದರೆ ಕ್ಯಾಮೆರಾ ಆಫ್ ಮಾಡಿ. ದನಿ ಸರಿಹೋಗುತ್ತದೆ.

3. ಪ್ರಶ್ನೆ ಸಣ್ಣದಾಗಿರಲಿ

"ಹೆಂಗ ನಡದೈತಿ?" ಅಂದರೆ "ಛೊಲೊ ನಡದೈತಿ" ಅನ್ನುವುದನ್ನು ಬಿಟ್ಟು ಮಕ್ಕಳಾದರೂ ಏನು ಹೇಳಿಯಾರು? ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮಗಳ ಮಾತುಗಳನ್ನು ಆಯಾ ತಾರೀಖಿನ ಚೌಕದಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತೇನೆ. "ಕಾರ್ ಲೈಸೆನ್ಸ್ ಪರೀಕ್ಷೆ", "ಗೆಳತಿ ಹೊಸಮನಿ". ಮುಂದಿನ ಕರೆಯಲ್ಲಿ "ನಿನ್ನ ಗೆಳತಿಗೆ ಮನಿ ಸಿಕ್ತೇನು?" ಎಂದು ಕೇಳಿದರೆ ಅಲ್ಲಿಂದ ಹತ್ತು ನಿಮಿಷದ ಮಾತು ಬರುತ್ತದೆ. ನೀವೂ ಹೇಳಿ. ಬಾವಿಕಟ್ಟೆಯ ಹತ್ತಿರ ನಾಯಿ ಮರಿ ಹಾಕಿದ್ದು, ಜೋಳದ ರೇಟು ಏರಿದ್ದು. ಇವು ಸಣ್ಣವೆಂದು ನಾವು ಬಿಡುತ್ತೇವೆ. ಮಕ್ಕಳಿಗೆ ಬೇಕಾದದ್ದು ಇವೇ. ಮದುವೆಯ ಮಾತನ್ನಂತೂ ಪ್ರತಿ ಕರೆಯಲ್ಲೂ ತೆಗೆಯಬೇಡಿ. ತಿಂಗಳಿಗೊಂದು ದಿನ, ಹೇಳಿಯೇ ತೆಗೆಯಿರಿ.

4. ಕರೆ ಇಲ್ಲದ ದಿನ ದನಿ ಕಳಿಸಿ

ವಾಟ್ಸ್‌ಆ್ಯಪ್‌ನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿ. ಬೆರಳನ್ನು ಮೇಲಕ್ಕೆ ಸರಿಸಿದರೆ ಅದು ಲಾಕ್ ಆಗುತ್ತದೆ, ಹಿಡಿದುಕೊಂಡೇ ಇರಬೇಕಿಲ್ಲ. ಬರೆಯುವ ಆಸೆಯಿದ್ದರೆ ಕೀಬೋರ್ಡಿಗೆ ಕನ್ನಡ ಸೇರಿಸಿಕೊಂಡು, ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ. ಅದೇ ಅಕ್ಷರ ಮಾಡಿ ಕೊಡುತ್ತದೆ.

ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಕೋಲು ಹೊರಟಾಗ ನಾನು ನಲವತ್ತು ಸೆಕೆಂಡಿನ ವಿಡಿಯೊ ಮಾಡಿ ಕಳಿಸಿದೆ. ಜನರ ನಡುವೆ ಕೈ ಅಲುಗಿ ಅರ್ಧ ಆಕಾಶವೇ ಬಂದಿತ್ತು. ಮಗಳು ಅದನ್ನು ಆಫೀಸಿನ ಬಸ್ಸಿನಲ್ಲಿ ಮೂರು ಸಲ ಕೇಳಿದಳಂತೆ. ನೋಡಿದ್ದಲ್ಲ, ಕೇಳಿದ್ದು. ಬಾಜಾಭಜಂತ್ರಿಯ ನಡುವೆ ಯಾರೋ "ಏ ಸರೀರಿ, ಸರೀರಿ" ಅಂದದ್ದು ಅವಳಿಗೆ ಊರನ್ನೇ ತಂದುಕೊಟ್ಟಿತು.

5. ಮುಚ್ಚಿಡಬೇಡಿ

ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಕಳೆದ ಮಳೆಗಾಲದಲ್ಲಿ ನಮ್ಮವರಿಗೆ ಎದೆ ಹಿಡಿದಂತಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದರು. "ಅಷ್ಟ ದೂರ ಕುಂತಾಳ, ಹೇಳಿ ಯಾಕ ಜೀವಕ್ಕ ಹಚ್ಚೂದು" ಅಂದುಕೊಂಡೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಕ್ಯಾಮೆರಾ ಆಫ್ ಮಾಡಿ, "ನೆಟ್ ಬರವಲ್ದವಾ" ಅಂದೆ. ಮೂರನೇ ದಿನ ಬಂಧುಗಳೊಬ್ಬರು ಕುಟುಂಬದ ಗ್ರೂಪಿನಲ್ಲಿ "ಲಗೂನ ಆರಾಮ ಆಗ್ರಿ" ಎಂದು ಹಾಕಿದರು. ಮಗಳು ಅದನ್ನು ಅಲ್ಲಿಯ ನಡುರಾತ್ರಿ ಓದಿದಳು. ಫೋನ್ ಮಾಡಿ ಅಳಲಿಲ್ಲ, ಬೈಯಲಿಲ್ಲ. "ಅವ್ವಾ, ಇನ್ನ ನೀ ಆರಾಮ ಅದೀವಿ ಅಂದ್ರ ನಾ ಹೆಂಗ ನಂಬ್ಲಿ?" ಅಂದಳು. ನನ್ನ ಬಳಿ ಉತ್ತರವಿರಲಿಲ್ಲ. ಎಷ್ಟೋ ವಾರ ನಾನು ಕೆಮ್ಮಿದರೂ "ಖರೇ ಹೇಳು" ಅನ್ನುತ್ತಿದ್ದಳು.

ಆಮೇಲೆ ಇಬ್ಬರೂ ಸೇರಿ ಹೇಳುವ ಕ್ರಮ ಮಾಡಿಕೊಂಡೆವು. ಮೊದಲು ಈಗಿನ ಸ್ಥಿತಿ: "ಅಪ್ಪ ಎಚ್ಚರ ಅದಾರ, ಮಾತಾಡಾಕತ್ತಾರ." ಆಮೇಲೆ ಏನಾಯಿತು. ಆಮೇಲೆ ಡಾಕ್ಟರು ಏನೆಂದರು. ಕೊನೆಗೆ, ಅವಳಿಂದ ಏನಾಗಬೇಕು. ಏನೂ ಬೇಡವಾದರೆ ಅದನ್ನೂ ಹೇಳುವುದು. ಅಲ್ಲಿಯ ನಡುರಾತ್ರಿ ಬೆನ್ನುಬೆನ್ನಿಗೆ ಎರಡು ಸಲ ಕರೆ ಬಂದರೆ ಮಾತ್ರ ತುರ್ತು ಎಂದು ಗುರುತು ಇಟ್ಟುಕೊಂಡೆವು.

ನಾವು ಹೇಳತೊಡಗಿದ ಮೇಲೆ ಅವಳೂ ಹೇಳತೊಡಗಿದಳು. ಅವಳ ಪ್ರಾಜೆಕ್ಟ್ ನಿಂತು ಕೆಲಸ ಹೋಗುವ ಹಾಗಿತ್ತು. ಅಮೆರಿಕದಲ್ಲಿ ಕೆಲಸ ಮಾಡಲು ಕೊಡುವ ಎಚ್-1ಬಿ ವೀಸಾದ ಮೇಲಿರುವವರು ಕೆಲಸ ಹೋದರೆ ಹೆಚ್ಚೆಂದರೆ 60 ದಿನದೊಳಗೆ ಬೇರೆ ದಾರಿ ಹುಡುಕಬೇಕು ಎಂದು ಆಗಲೇ ನನಗೆ ತಿಳಿದದ್ದು. ಆ ದಿನಗಳಲ್ಲಿ ನಾನು ಸಲಹೆ ಕೊಡಲಿಲ್ಲ. "ಏನಾದ್ರೂ ಆಗ್ಲಿ, ಮನಿ ಐತಿ, ನಾವ ಅದೀವಿ" ಅಂದೆ, ಮತ್ತೆ ರೊಟ್ಟಿ ಬಡಿದೆ.

6. ಮೋಸದ ಕರೆಗೆ ಮನೆಯದೊಂದು ಗುಟ್ಟಿನ ಮಾತು

"ನಿಮ್ಮ ಮಗ ಪೊಲೀಸರ ಕೈಗೆ ಸಿಕ್ಕಾನ, ರೊಕ್ಕ ಹಾಕ್ರಿ" ಎಂದು ಮಗನ ದನಿಯಲ್ಲೇ ಕರೆ ಬರಬಹುದು. ಈಗ ದನಿಯನ್ನೂ ನಕಲು ಮಾಡುತ್ತಾರೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಮಾತು ಇಟ್ಟುಕೊಳ್ಳಿ, ಅದನ್ನು ಕೇಳಿ. ಹೇಳಲಾಗದಿದ್ದರೆ ಫೋನ್ ಇಟ್ಟು, ನಿಮ್ಮಲ್ಲಿರುವ ನಂಬರಿಗೆ ನೀವೇ ಮಾಡಿ. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ, ಕರೆಯಲ್ಲೇ ಬಂಧಿಸಿದ್ದೇವೆ ಎಂದು ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ರೊಕ್ಕ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಿಡಿಯೊ ಕರೆಯಲ್ಲಿ ಸ್ಕ್ರೀನ್ ತೋರಿಸುವ ಸೌಲಭ್ಯವನ್ನು ಮಕ್ಕಳೊಂದಿಗೆ ಮಾತ್ರ ಬಳಸಿ, ಅಪರಿಚಿತರಿಗೆ ನಿಮ್ಮ ಒಟಿಪಿ ಕಾಣಿಸಿಬಿಡುತ್ತದೆ.

7. ಬುತ್ತಿ ಕಳಿಸುವಾಗ

ಖಡಕ್ ರೊಟ್ಟಿ ಪೂರ್ತಿ ಆರಿದ ಮೇಲೆ ಹತ್ತತ್ತು ಜೋಡಿಸಿ, ಮೇಲೆ ಕೆಳಗೆ ದಪ್ಪ ರಟ್ಟು ಇಟ್ಟು ಬಿಗಿಯಾಗಿ ಸುತ್ತಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯನ್ನು (ಹಿಂಡಿ ಅಂದರೆ ಚಟ್ನಿಪುಡಿ) ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಹಾಕಿ. ಹೆಸರು ಬರೆಯುವಾಗ 'ಚಟ್ನಿ' ಅಂತಷ್ಟೇ ಬರೆದರೆ ಕಸ್ಟಮ್ಸ್‌ನವರಿಗೆ ತಿಳಿಯುವುದಿಲ್ಲ. 'ರೋಸ್ಟೆಡ್ ಪೀನಟ್ ಪೌಡರ್' ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಬೆಳಗಾವಿ ಕುಂದಾ ಹಾಲಿನದು. ಹಾಲಿನ ಪದಾರ್ಥಕ್ಕೆ ಆಸ್ಟ್ರೇಲಿಯಾ, ಇಂಗ್ಲೆಂಡ್‌ನಂಥ ದೇಶಗಳಲ್ಲಿ ಬಿಗಿ ನಿಯಮಗಳಿವೆ. ಅಮೀನಗಡದ ಕರದಂಟು ಕಳಿಸುವುದಿದ್ದರೂ ಆ ದೇಶದ ನಿಯಮ ನೋಡಲು ಮಕ್ಕಳಿಗೆ ಮೊದಲೇ ಹೇಳಿ. ಯಾರದಾದರೂ ಕೈಯಲ್ಲಿ ಕಳಿಸುವುದಾದರೆ ಗಂಟು ಬಿಚ್ಚಿ ತೋರಿಸಿ ಕೊಡಿ. ವಿಮಾನ ನಿಲ್ದಾಣದಲ್ಲಿ ಉತ್ತರ ಕೊಡಬೇಕಾದವರು ಅವರು.

8. ಎರಡು ಹಾಳೆ

ಒಂದು ಹಾಳೆ ನಮ್ಮ ಮನೆಯಲ್ಲಿ, ತಿಜೋರಿ ಬಾಗಿಲ ಒಳಮೈಗೆ ಅಂಟಿಸಿದೆ. ಮಗಳ ಪೂರ್ತಿ ವಿಳಾಸ, ಜೊತೆಗಿರುವ ಹುಡುಗಿಯ ನಂಬರ್, ಆಫೀಸಿನ ನಂಬರ್, ಪಾಸ್‌ಪೋರ್ಟ್ ನಕಲು, ಅಲ್ಲಿಯ ತುರ್ತು ಸಂಖ್ಯೆ 911. ಇಂಗ್ಲೆಂಡ್‌ನಲ್ಲಾದರೆ ಅದು 999, ಯುರೋಪಿನ ದೇಶಗಳಲ್ಲಿ 112, ಆಸ್ಟ್ರೇಲಿಯಾದಲ್ಲಿ 000.

ಇನ್ನೊಂದು ಹಾಳೆ ಡಲ್ಲಾಸ್‌ನಲ್ಲಿ, ಅವಳ ಫ್ರಿಜ್ ಬಾಗಿಲ ಮೇಲೆ. ನಮ್ಮ ಡಾಕ್ಟರ ನಂಬರ್, ಪಕ್ಕದ ಮನಿ ಕಾಕುವಿನ ನಂಬರ್, ನಾವಿಬ್ಬರೂ ತಗೊಳ್ಳುವ ಗುಳಿಗೆಗಳ ಹೆಸರು. ಹೋದ ವಾರ ನಮ್ಮವರ ಬಿಪಿ ಗುಳಿಗೆ ಬದಲಾಯಿತು. ಚೀಟಿಯ ಫೋಟೊ ತೆಗೆದು ಕಳಿಸಿದೆ. ಮರುದಿನ ರೊಟ್ಟಿ ಹೊತ್ತಿಗೆ ಅವಳು ಫೋನನ್ನು ಫ್ರಿಜ್ ಕಡೆ ತಿರುಗಿಸಿದಳು. ಹಳೆಯ ಹೆಸರಿನ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಹೊಸದನ್ನು ಬರೆದಿದ್ದಳು.