ಹೆಸರು ಕೇಳಬೇಡಿ, ಮೋರೆ ಕೇಳಿ: ಯಾಳಿಗಳಿಗೆ ಟ್ಯಾಗ್ ಹಾಕಿದ ನನ್ನ ಅನುಭವ

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಶಿಲ್ಪಗಳ ಫೋಟೋ ನಮ್ಮ ಆನ್‌ಲೈನ್ ಸಂಗ್ರಹದಲ್ಲಿ ಹತ್ತತ್ತಿರ 9,000 ಇವೆ. ಎರಡು ವರ್ಷದ ಹಿಂದೆ ‘ಯಾಳಿ’ (ಗುಡಿ ಶಿಲ್ಪಗಳಲ್ಲಿ ಕಾಣೋ, ಸಿಂಹದಂಥ ಮೈಯ ಕಾಲ್ಪನಿಕ ಪ್ರಾಣಿ) ಅಂತ ಹುಡುಕಿದರೆ ನಲವತ್ತೋ ಐವತ್ತೋ ಬರುತ್ತಿದ್ದವು. ಈಗ 600 ದಾಟುತ್ತವೆ. ಫೋಟೋ ಹೊಸವಲ್ಲ, ಅವೇ. ವ್ಯಾಲ, ಯಾಲಿ, ಶಾರ್ದೂಲ, ಸಿಂಹ ಅನ್ನೋ ಹೆಸರಲ್ಲಿ ಅಡಗಿ ಕೂತಿದ್ದವು. ಒಬ್ಬ ಪುಣ್ಯಾತ್ಮ ‘ಡೈನೋಸಾರ್’ ಅಂತಾನೂ ಹಾಕಿದ್ದ.

ಮೊದಲು ದುಡ್ಡು ಕಳಕೊಂಡ ಕಥೆ. ಬಾಗಲಕೋಟೆ ನವನಗರದ ನಾಲ್ಕು ಕಾಲೇಜು ಹುಡುಗರಿಗೆ ಫೋಟೋಗೆ 2 ರೂಪಾಯಿಯಂತೆ ಕೊಟ್ಟು ಟ್ಯಾಗ್ ಹಾಕಿಸಿದೆ. 12 ಸಾವಿರ ಹೋಯಿತು, ಚಹಾ-ಗಿರ್ಮಿಟ್ಟು ಬೇರೆ. ತಪ್ಪು ಅವರದ್ದಲ್ಲ, ನನ್ನ ಪಟ್ಟಿಯದ್ದು. ಅದರಲ್ಲಿ ಬರೀ ಹೆಸರುಗಳಿದ್ದವು. ಸೊಂಡಿಲಿರೋ ಯಾಳಿ ಒಬ್ಬನಿಗೆ ಆನೆ, ಇನ್ನೊಬ್ಬನಿಗೆ ಮಕರ. ಆಮೇಲೆ ಫೋಟೋ ನೋಡಿ ತಾನೇ ಹೆಸರು ಹೇಳೋ ಎಐ ಸೇವೆಯೊಂದಕ್ಕೆ ಮೂರು ತಿಂಗಳು ದುಡ್ಡು ಕಟ್ಟಿದೆ. ಅದಕ್ಕೆ ಮಕರ ಅಂದ್ರೆ ಮೊಸಳೆ, ಕೀರ್ತಿಮುಖ ಅಂದ್ರೆ ಬೆಕ್ಕು.

ಕೊನೆಗೆ ಹೆಸರನ್ನೇ ಪಟ್ಟಿಯಿಂದ ಕಿತ್ತುಹಾಕಿದೆ. ಕಂಡದ್ದನ್ನಷ್ಟೇ ಬರೆಯಿರಿ ಅಂದೆ: ತಲೆ ಯಾವುದರದ್ದು, ಮೈ ಯಾವುದರದ್ದು, ಬಾಲ ಹೇಗಿದೆ, ರೆಕ್ಕೆ ಇದೆಯೋ ಇಲ್ಲವೋ. ಅದನ್ನೆಲ್ಲ ತುಂಬಿಸೋ ಕಂಪ್ಯೂಟರ್ ಶೀಟ್ ಇದೆಯಲ್ಲ, ಹೆಸರಿಡೋದು ಅದರ ಕೆಲಸ. ಆನೆ ತಲೆ, ಸಿಂಹದ ಮೈ ಬಂದರೆ ಗಜಯಾಳಿ. ಸೊಂಡಿಲು, ಮೊಸಳೆ ಬಾಯಿ, ಬಳ್ಳಿಯಂತೆ ಸುರುಳಿ ಬಿಚ್ಚಿದ ಬಾಲ ಬಂದರೆ ಮಕರ. ಮೈಯೂ ಇಲ್ಲ, ಕೆಳದವಡೆಯೂ ಇಲ್ಲ, ಗುಡ್ಡೆಗಣ್ಣಿನ ಮೋರೆ ಮಾತ್ರ ಇದ್ದರೆ ಕೀರ್ತಿಮುಖ. ‘ವ್ಯಾಲ’ ಅಂತ ಹುಡುಕಿದವರೂ ಯಾಳಿಗೇ ಬರುವಂತೆ ಹಳೆ ಹೆಸರುಗಳನ್ನು ಹಿಂದುಗಡೆ ಕಟ್ಟಿಟ್ಟೆ. ನಮ್ಮ ಗುಂಪಿನ ಹಿರಿಯ ಫೋಟೋಗ್ರಾಫರ್ ನಕ್ಕೇಬಿಟ್ಟರು. “ಇದೇನೋ ತಮ್ಮಾ, ದನದ ಸಂತ್ಯಾಗ ಹಲ್ಲ ಎಣಿಸಿದಂಗ ಆತಲ್ಲ!”

ಮಕರತೋರಣ, ಅಂದ್ರೆ ಮಕರಗಳಿರೋ ಕೆತ್ತನೆಯ ಕಮಾನು, ನನಗೂ ಬುದ್ಧಿ ಕಲಿಸಿತು. ಎರಡು ತುದಿಗೆ ಮಕರ, ಮೇಲೆ ನಡುವೆ ಕೀರ್ತಿಮುಖ, ಎಲ್ಲ ಒಂದೇ ಫೋಟೋದಲ್ಲಿ. ಶೀಟ್ ಮೂರನ್ನೂ ಕಲಸಿ, ಸೊಂಡಿಲಿದ್ದೂ ದವಡೆಯಿಲ್ಲದ ಹೊಸ ಪ್ರಾಣಿಯನ್ನೇ ಹುಟ್ಟಿಸಿತು. ಸುಮಾರು 300 ಫೋಟೋ ಮತ್ತೆ ಮಾಡಬೇಕಾಯಿತು. ಈಗ ಒಂದು ಪ್ರಾಣಿಗೆ ಒಂದು ಸಾಲು. ಸೊಂಡಿಲು ಮುರಿದ ಕಲ್ಲಲ್ಲಿ ಗಜಯಾಳಿಯನ್ನು ಹಿಡಿಯೋಕೆ ಒಂದು ಉಪಾಯ ಇದೆ, ಸದ್ಯಕ್ಕೆ ಅದು ನನ್ನ ಹತ್ತಿರಾನೇ ಇರಲಿ.

ದೇವರ ವಿಷಯದಲ್ಲಿ ಬೈಸಿಕೊಂಡೆ. ಬಾದಾಮಿಯ ಮೂರನೇ ಗುಹೆ ಗೊತ್ತಲ್ವಾ, 578ರ ಶಾಸನ ಇರೋದು. ಅಲ್ಲಿನ ನರಸಿಂಹ, ವರಾಹ ಇಬ್ಬರನ್ನೂ ಶೀಟ್ ನೇರವಾಗಿ ಅರ್ಧ ಮನುಷ್ಯ, ಅರ್ಧ ಪ್ರಾಣಿಯಾದ ಕಿನ್ನರರ ಪಕ್ಕ ಕೂರಿಸಿತ್ತು. ಹಿರಿಯರೊಬ್ಬರು ಫೋನ್ ಮಾಡಿ “ದೇವರನ್ನ ಪ್ರಾಣಿ ಮಾಡಿದೆಲ್ಲೋ” ಅಂದರು. ಅವತಾರಗಳಿಗೆ ಈಗ ಬೇರೆ ಖಾನೆ.

ಸುಮ್ನೆ ಕುತೂಹಲಕ್ಕೆ ನಮ್ಮ ರಾಜ್ಯ ಲಾಂಛನವನ್ನೂ ಶೀಟ್‌ಗೆ ಹಾಕಿದೆ. ಎರಡು ತಲೆ, ಹಕ್ಕಿ ಮೈ, ಗಂಡಭೇರುಂಡ ಅಂತ ಸರಿಯಾಗೇ ಹೇಳಿತು. ಆಚೀಚೆ ನಿಂತ ಎರಡಕ್ಕೂ ಗಜಯಾಳಿ ಅಂದಿತು. ಅವು ಪುರಾಣದ ಮಿಶ್ರಪ್ರಾಣಿ ಶರಭ ಅಂತ ಗೆಳೆಯರು ಇನ್ನೂ ಜಗಳಕ್ಕೆ ಬರ್ತಾರೆ. ಬರಲಿ, ಎರಡೂ ಹೆಸರಲ್ಲಿ ಸಿಗುತ್ತೆ.

ಹೋದ ತಿಂಗಳು ಪರೀಕ್ಷೆ ಮಾಡಿದೆ. 200 ಫೋಟೋ, ಇಬ್ಬರು, ಬೇರೆ ಬೇರೆ ಕೋಣೆ. ಮೊದಲು ಅರ್ಧವೂ ತಾಳೆಯಾಗುತ್ತಿರಲಿಲ್ಲ, ಈ ಸಲ 185ರ ಮೇಲೆ ಆದವು. ಹಲ್ಲೆಣಿಕೆ ಅಂತ ನಕ್ಕ ಹಿರಿಯರೇ ಈಗ ಶೀಟ್ ಕೇಳ್ತಿದ್ದಾರೆ. ತಾಳೆಯಾಗದ ಹದಿಮೂರು ಹದಿನಾಲ್ಕರಲ್ಲಿ ಮುಕ್ಕಾಲುಪಾಲು ಗರುಡ. ಅವನು ದೇವರ ಖಾನೆಗೋ ಪ್ರಾಣಿ ಖಾನೆಗೋ, ನಂಗಿನ್ನೂ ಬಗೆಹರಿದಿಲ್ಲ.