ಆ್ಯಪ್‌ಗಿಂತ ಮೊದಲು ಹತ್ತು ಮನೆ: ಬಾಡಿಗೆ ಸೇವೆಯ ಸ್ಟಾರ್ಟಪ್ ಆಲೋಚನೆಯನ್ನು ಪರೀಕ್ಷಿಸುವುದು ಹೇಗೆ?

ಮಂಗಳೂರು, ಸುರತ್ಕಲ್, ಮಣಿಪಾಲದಲ್ಲಿ ವಿದ್ಯಾರ್ಥಿಗಳ ಸ್ಟಾರ್ಟಪ್ ಸ್ಪರ್ಧೆಗಳಿಗೆ ತೀರ್ಪುಗಾರನಾಗಿ ಕುಳಿತಾಗಲೆಲ್ಲ ಒಂದು ಆಲೋಚನೆ ತಪ್ಪದೆ ಎದುರಿಗೆ ಬರುತ್ತದೆ: ಮನೆ ಮಾಲೀಕರ ಮತ್ತು ಬಾಡಿಗೆದಾರರ ನಡುವಿನ ವ್ಯವಹಾರವನ್ನೆಲ್ಲ ಆನ್‌ಲೈನಿನಲ್ಲಿ ಮುಗಿಸಿಕೊಡುವ ಸೇವೆ. ಆಲೋಚನೆ ಕೆಟ್ಟದ್ದಲ್ಲ. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು, ಆಸ್ಪತ್ರೆಗಳು, ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಇವೆಲ್ಲ ಇರುವ ನಮ್ಮ ಕರಾವಳಿಗೆ ಪ್ರತಿವರ್ಷ ಹೊಸಬರು ಬರುತ್ತಾರೆ. ಮನೆ ಕಟ್ಟಿಸಿದವರಲ್ಲಿ ಎಷ್ಟೋ ಮಂದಿ ಮುಂಬಯಿಯಲ್ಲೋ ದುಬೈಯಲ್ಲೋ ಇರುತ್ತಾರೆ. ಆದರೆ ಆಲೋಚನೆಯನ್ನು ಪರೀಕ್ಷಿಸಿದ್ದೇವೆ ಎನ್ನುವವರ ಕೈಯಲ್ಲಿರುವುದು ಸಹಪಾಠಿಗಳು ತುಂಬಿಕೊಟ್ಟ ಒಂದು ಗೂಗಲ್ ಫಾರ್ಮ್ ಮತ್ತು ತಿಂಗಳುಗಟ್ಟಲೆ ಕುಳಿತು ಕಟ್ಟಿದ ಒಂದು ಆ್ಯಪ್ ಮಾತ್ರ. ‘ಇಂಥ ಸೇವೆ ಬಂದರೆ ಬಳಸುತ್ತೀರಾ’ ಎಂದು ಕೇಳಿದರೆ ಹೌದು ಎನ್ನುವುದಕ್ಕೆ ಯಾರ ಗಂಟೂ ಹೋಗುವುದಿಲ್ಲ. ಹೀಗೆ ಹೌದೆನಿಸಿಕೊಂಡು ಉಳಿತಾಯ ಕಳೆದುಕೊಂಡ ಹುಡುಗ ಹುಡುಗಿಯರನ್ನು ನೋಡಿ ಬೇಸರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಒಂದು ಸಾಲು ಕೋಡ್ ಬರೆಯದೆ, ಒಂದು ಮಳೆಗಾಲದ ಅವಧಿಯಲ್ಲಿ ಈ ಆಲೋಚನೆಯನ್ನು ಪರೀಕ್ಷಿಸಬಹುದು.

ಮೊದಲ ಹಂತ: ಒಂದು ಪ್ರದೇಶ, ಒಂದು ಕೆಲಸ

ಇಡೀ ಮಂಗಳೂರನ್ನು ಹಿಡಿಯಬೇಡಿ. ದೇರಳಕಟ್ಟೆಯಲ್ಲಿ ನಾಲ್ವರು ವೈದ್ಯಕೀಯ ವಿದ್ಯಾರ್ಥಿಗಳು ಸೇರಿ ಹಿಡಿಯುವ ಫ್ಲ್ಯಾಟಿನ ವ್ಯವಹಾರವೇ ಬೇರೆ, ಬಿಜೈ ಅಥವಾ ಕದ್ರಿಯಲ್ಲಿ ಸಂಸಾರಸ್ಥರು ಹಿಡಿಯುವ ಮನೆಯ ವ್ಯವಹಾರವೇ ಬೇರೆ. ಹೊಸಬರಿಗೆ ನಾನು ಉಡುಪಿಯ ಕುಂಜಿಬೆಟ್ಟು–ಇಂದ್ರಾಳಿ ಭಾಗವನ್ನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಸಂಸಾರಗಳೂ ವಿದ್ಯಾರ್ಥಿಗಳೂ ಅಕ್ಕಪಕ್ಕದಲ್ಲೇ ಸಿಗುತ್ತಾರೆ ಮತ್ತು ನಡೆದುಕೊಂಡೇ ದಿನಕ್ಕೆ ಐದಾರು ಮನೆ ಮುಟ್ಟಬಹುದು.

ಕೆಲಸಗಳಲ್ಲಿ ‘ಮನೆ ಹುಡುಕಿಕೊಡುವುದು’ ಬೇಡ. 2014ರಲ್ಲಿ ಶುರುವಾದ, ಬೆಂಗಳೂರು ಮೂಲದ ನೋಬ್ರೋಕರ್‌ನಂಥ ದೊಡ್ಡ ಕಂಪನಿಗಳು ಅದನ್ನೇ ಮಾಡುತ್ತಿವೆ. ಊರಿನ ಬ್ರೋಕರ್, ಫ್ಲ್ಯಾಟಿನ ವಾಚ್‌ಮನ್, ಮೂಲೆಯ ಅಂಗಡಿಯವರು, ವಾಟ್ಸ್ಆ್ಯಪ್ ಗುಂಪುಗಳು ಅದನ್ನು ಇನ್ನೂ ಚೆನ್ನಾಗಿ ಮಾಡುತ್ತವೆ. ಬೀಗದ ಕೈ ಕೈ ಬದಲಾದ ಮೇಲೆ ಏನಾಗುತ್ತದೆ ಎಂಬುದನ್ನು ಹಿಡಿಯಿರಿ: ಕರಾರು, ರಿಪೇರಿ, ಖಾಲಿ ಮಾಡುವ ದಿನದ ಅಡ್ವಾನ್ಸ್ ಲೆಕ್ಕ. ಜಗಳ ಹುಟ್ಟುವುದು ಅಲ್ಲಿ.

ಎರಡನೆಯ ಹಂತ: ಮಾತನಾಡಿಸುವುದು

ಎಲ್ಲರೂ ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ. ಹದಿನೈದು ಮಾಲೀಕರನ್ನೂ ಹದಿನೈದು ಬಾಡಿಗೆದಾರರನ್ನೂ ಬೇರೆ ಬೇರೆಯಾಗಿ, ಒಬ್ಬೊಬ್ಬರನ್ನೇ ಮಾತನಾಡಿಸಬೇಕು. ಗೇಟಿನಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಫಲಕ ತೂಗುವ ಮನೆಗಳು, ಕರಾರು ಟೈಪು ಮಾಡಿಕೊಡುವ ಅಂಗಡಿಗಳು, ಆ ಭಾಗದ ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್, ಇವರ ಮೂಲಕ ಹದಿನೈದು ಮಂದಿ ಸಿಕ್ಕೇ ಸಿಗುತ್ತಾರೆ. ನಿಮ್ಮ ಚಿಕ್ಕಪ್ಪ, ದೊಡ್ಡಮ್ಮಂದಿರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಸಂಜೆ ನಾಲ್ಕರಿಂದ ಆರರ ನಡುವೆ, ಲ್ಯಾಪ್‌ಟಾಪ್ ಇಲ್ಲದೆ, ಒಂದು ಪುಟ್ಟ ನೋಟ್‌ಬುಕ್ ಮಾತ್ರ ಹಿಡಿದು ಹೋಗಿ. ಮನೆಯವರು ತುಳು ಅಥವಾ ಕೊಂಕಣಿ ಮಾತನಾಡುವವರಾಗಿದ್ದು ನಿಮಗೂ ಆ ಭಾಷೆ ಬರುವುದಾದರೆ ಅದರಲ್ಲೇ ಮಾತನಾಡಿ. ದುಡ್ಡಿನ ಮಾತು ಮನೆಮಾತಿನಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ.

ನಿಮ್ಮ ಆಲೋಚನೆಯನ್ನು ಮಾತ್ರ ಹೇಳಲೇಬಾರದು. ಹೇಳಿದ ಕ್ಷಣದಿಂದ ಎದುರಿಗಿರುವವರು ನಿಮ್ಮ ಮುಖ ನೋಡಿ ಮೆಚ್ಚುಗೆಯ ಮಾತನಾಡಲು ತೊಡಗುತ್ತಾರೆ. ಮುಂದೆ ಏನು ಮಾಡುತ್ತೀರಿ ಎಂದು ಕೇಳದೆ ಹಿಂದೆ ಏನಾಯಿತು ಎಂದು ಕೇಳಬೇಕು. ವ್ಯತ್ಯಾಸ ಎಷ್ಟೆಂಬುದನ್ನು ನಾನು ಕಿನ್ನಿಮುಲ್ಕಿಯ ಒಂದು ಮನೆಯಲ್ಲಿ ಕಣ್ಣಾರೆ ಕಂಡೆ. ನನ್ನೊಂದಿಗೆ ಬಂದಿದ್ದ ಹುಡುಗ ಮನೆಯ ಹಿರಿಯ ಮಹಿಳೆಯನ್ನು, “ಬಾಡಿಗೆಯವರಿಂದ ಏನಾದರೂ ತೊಂದರೆ ಉಂಟಾ ಅಮ್ಮಾ?” ಎಂದು ಕೇಳಿದ. “ಎಂಥ ತೊಂದರೆಯೂ ಇಲ್ಲ, ಎಲ್ಲ ಒಳ್ಳೆಯ ಜನ” ಎಂದರು. ಅಲ್ಲಿಗೆ ಮಾತು ನಿಂತಿತು. ನಾನು, “ಕಳೆದ ಸಲ ಮನೆ ಖಾಲಿಯಾದ ದಿನ ಏನೇನು ಮಾಡಿದಿರಿ?” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ಹಳೆಯ ಡೈರಿಯೊಂದನ್ನೂ ಪ್ಲಾಸ್ಟಿಕ್ ಚೀಲವೊಂದನ್ನೂ ತಂದರು. ಡೈರಿಯಲ್ಲಿ ಪೇಂಟ್, ಸಿಂಕಿನ ಪೈಪ್, ಎರಡು ಬಲ್ಬ್, ಬಾಗಿಲಿನ ಚಿಲಕ ಎಂದು ಕಡಿತದ ಲೆಕ್ಕವಿತ್ತು. ಚೀಲದಲ್ಲಿ ಮುರಿದ ನಲ್ಲಿಯಿತ್ತು. “ಇದು ಮೊದಲೇ ಮುರಿದಿತ್ತು ಅಂತ ಅವರು ಹೇಳಿದ್ದು. ಅಲ್ಲ ಅಂತ ತೋರಿಸ್ಲಿಕ್ಕೆ ನನ್ನ ಹತ್ರ ಎಂಥ ಉಂಟು ಮಾರಾಯ? ಅದಕ್ಕೆ ಇದನ್ನಾದರೂ ಇಟ್ಟುಕೊಂಡೆ” ಎಂದರು. ಎರಡು ತಿಂಗಳು ಫೋನಿನಲ್ಲಿ ಎಳೆದಾಡಿದ ಮೇಲೆ ಆ ಲೆಕ್ಕ ಮುಗಿದಿತ್ತಂತೆ. ತೊಂದರೆಯೇ ಇಲ್ಲ ಎಂದಿದ್ದವರೂ ಇವರೇ.

ಆದ್ದರಿಂದ ಪ್ರಶ್ನೆಗಳು ನಡೆದ ಘಟನೆಗೇ ಅಂಟಿಕೊಂಡಿರಲಿ. ಕೊನೆಯ ಬಾಡಿಗೆದಾರರು ಸಿಕ್ಕಿದ್ದು ಹೇಗೆ, ಕರಾರು ಬರೆದವರು ಯಾರು, ಆ ಕಾಗದ ಈಗ ಎಲ್ಲಿದೆ, ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಂಡಿರಿ, ಅದಕ್ಕೆ ಅವರು ಏನೆಂದರು, ನೀವು ಯಾರ ಬಳಿ ಹೋದಿರಿ? ಬಾಡಿಗೆದಾರರನ್ನು ಕಳೆದ ಆಟಿ ತಿಂಗಳ (ಜುಲೈ–ಆಗಸ್ಟ್‌ನ ಜಡಿಮಳೆಯ ತುಳು ತಿಂಗಳು) ಬಗ್ಗೆ ಕೇಳಿ: ನೀರು ಸೋರಿದ್ದು ಎಲ್ಲಿ, ಮಾಲೀಕರಿಗೆ ಯಾವಾಗ ತಿಳಿಸಿದಿರಿ, ದುರಸ್ತಿಗೆ ಎಷ್ಟು ದಿನ ಹಿಡಿಯಿತು, ಖರ್ಚು ಯಾರದ್ದು? ಏಪ್ರಿಲ್‌ನಲ್ಲಿ ಒಣಗಿ ನಿಂತ ಗೋಡೆಯನ್ನು ನೋಡಿ ಮನೆ ಹಿಡಿದವರು ಜುಲೈಯಲ್ಲಿ ಬೂಷ್ಟು ಹಿಡಿದ ಬಟ್ಟೆ ಒಗೆಯುತ್ತಿರುತ್ತಾರೆ. ನಮ್ಮ ಊರಿನಲ್ಲಿ ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಮುಗಿಸಿದವರ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಕೆಲವು ಹಿರಿಯ ಮಾಲೀಕರು ಬರವಣಿಗೆ ಎಂದರೆ ಹಿಂದೆ ಸರಿಯುತ್ತಾರೆ. ಅದನ್ನು ಹಳಬರ ಹಟವೆಂದು ತಳ್ಳಿಹಾಕಬೇಡಿ. 1974ರ ಭೂಸುಧಾರಣೆಯಲ್ಲಿ ಈ ಜಿಲ್ಲೆಗಳ ಎಷ್ಟೋ ಗೇಣಿದಾರರು ಡಿಕ್ಲರೇಶನ್ (ಉಳುವ ಭೂಮಿಯ ಹಕ್ಕು ಕೋರುವ ಅರ್ಜಿ) ಹಾಕಿ ಭೂಮಿಯ ಒಡೆಯರಾದರು. ಕೃಷಿಭೂಮಿಯ ಆ ಕಾಯ್ದೆಗೂ ಪೇಟೆಯ ಬಾಡಿಗೆ ಮನೆಗೂ ಸಂಬಂಧವಿಲ್ಲದಿದ್ದರೂ, ಭೂಮಿ ಬಿಟ್ಟುಕೊಟ್ಟ ಮನೆತನಗಳಲ್ಲಿ ‘ಕಾಗದ ಕೊಟ್ಟರೆ ಹಕ್ಕು ಹೋಗುತ್ತದೆ’ ಎಂಬ ಅಳುಕು ಉಳಿದಿದೆ. ಹನ್ನೊಂದು ತಿಂಗಳ ಕರಾರಿನ ಹಿಂದಿರುವ ಕಾರಣವನ್ನೂ ತಿಳಿದುಕೊಂಡು ಹೋಗಿ: 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿಸಲೇಬೇಕು; ಆ ಖರ್ಚು ಮತ್ತು ಓಡಾಟವನ್ನು ತಪ್ಪಿಸಲು ಜನ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಹಾಗೆಯೇ, ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂಬುದು 2021ರ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯವೊಂದು ತನ್ನದೇ ಕಾನೂನಾಗಿ ತಂದರೆ ಮಾತ್ರ ಅದು ಅಲ್ಲಿ ನಡೆಯುತ್ತದೆ. ಜಾರಿಯಲ್ಲಿರುವ ಕಾನೂನೇ ಇದು ಎಂಬಂತೆ ಮಾಲೀಕರಿಗೆ ಪಾಠ ಹೇಳಿ ಗೇಟಿನಿಂದ ವಾಪಸು ಬಂದ ತಂಡಗಳಿವೆ.

ಮನೆಗೆ ಬಂದ ರಾತ್ರಿಯೇ ಅವರ ಮಾತುಗಳಲ್ಲೇ ಎಲ್ಲವನ್ನೂ ಬರೆದಿಡಿ. ಪ್ರತಿ ಹೆಸರಿನ ಎದುರು ಮೂರು ವಿಷಯ ಇರಲಿ: ಕಳೆದುಕೊಂಡ ಹಣ, ಕಳೆದುಕೊಂಡ ದಿನಗಳು, ಅದನ್ನು ತಪ್ಪಿಸಲು ಅವರು ತಾವೇ ಮಾಡಿದ ಪ್ರಯತ್ನ. ನನ್ನ ಮಟ್ಟಿಗೆ ಮೂರನೆಯದೇ ಮುಖ್ಯ. ಮುರಿದ ನಲ್ಲಿಯನ್ನು ಚೀಲದಲ್ಲಿ ಕಟ್ಟಿಟ್ಟವರು ನಿಮ್ಮ ಗ್ರಾಹಕರಾಗಬಹುದು. ನಷ್ಟವಾಯಿತು ಎಂದು ದೂರಿ ಏನೂ ಮಾಡದೆ ಕುಳಿತವರು ಬಹುಮಟ್ಟಿಗೆ ಆಗಲಾರರು.

ಮೂರನೆಯ ಹಂತ: ಹತ್ತು ಮನೆಗಳಲ್ಲಿ ಕೈಯಾರೆ ಸೇವೆ

ಮೂವತ್ತು ಮಂದಿಯ ಮಾತಿನಿಂದ ಮೇಲೆದ್ದು ಬಂದ ಒಂದೇ ಕೆಲಸವನ್ನು ಫೋನು, ಕಾಗದ ಮತ್ತು ವಾಟ್ಸ್ಆ್ಯಪ್ ಬಳಸಿ ನೀವೇ ಮಾಡಿಕೊಡಿ. ಅದು ಮನೆಯ ಸ್ಥಿತಿಯ ದಾಖಲೆ ಎಂದಿಟ್ಟುಕೊಳ್ಳೋಣ. ಬಾಡಿಗೆದಾರರು ಸಾಮಾನು ಇಳಿಸುವ ಮೊದಲು ಇಬ್ಬರನ್ನೂ ನಿಲ್ಲಿಸಿಕೊಂಡು ಕೋಣೆ ಕೋಣೆಯ ವಿಡಿಯೊ ತೆಗೆಯಿರಿ. ನಲ್ಲಿಗಳನ್ನು ತಿರುಗಿಸಿ, ಫ್ಯಾನ್ ಹಾಕಿ, ಸಿಂಕಿನ ಕೆಳಗೆ ಟಾರ್ಚ್ ಬಿಡಿ, ಗೋಡೆಯಲ್ಲಿ ನೀರಿಳಿದ ಹಳೆಯ ಕಲೆಗಳಿದ್ದರೆ ಅವುಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಮೆಸ್ಕಾಂ ವಿದ್ಯುತ್ ಮೀಟರಿನ ಓದು ಮತ್ತು ಆ ಸಂಪರ್ಕದ ಆರ್‌ಆರ್ ನಂಬರನ್ನು ಬರೆದು, ಎರಡು ಪುಟದ ಪಟ್ಟಿಗೆ ಇಬ್ಬರಿಂದಲೂ ಸಹಿ ಹಾಕಿಸಿ ತಲಾ ಒಂದು ಪ್ರತಿ ಕೊಡಿ.

ಈ ಕೆಲಸ ಮಾಡುವಾಗಲೇ ಊಹಿಸದ ಅಗತ್ಯಗಳು ಎದುರಾಗುತ್ತವೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಬಾಡಿಗೆದಾರರ ಆಧಾರ್ ಅದೇ ಆರ್‌ಆರ್ ನಂಬರಿಗೆ ಜೋಡಣೆಯಾಗಿ ಉಳಿದಿರುತ್ತದೆ. ಅದನ್ನು ಬಿಡಿಸದೆ ಹೊಸಬರು ಅರ್ಜಿ ಹಾಕುವಂತಿಲ್ಲ. ಮಣಿಪಾಲದ ಕಡೆ ವಿದೇಶಿ ವಿದ್ಯಾರ್ಥಿ ಬಂದರೆ ಮನೆಯವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಮಾಲೀಕರು ಅನಿವಾಸಿ ಭಾರತೀಯರಾಗಿದ್ದರೆ, ಬಾಡಿಗೆ ಕೊಡುವವರೇ ಆದಾಯ ತೆರಿಗೆಯನ್ನು ಮುರಿದು ಸರ್ಕಾರಕ್ಕೆ ಕಟ್ಟಬೇಕು, ಮತ್ತು ಇದು ಎಷ್ಟೋ ಬಾಡಿಗೆದಾರರಿಗೆ ತಿಳಿದೇ ಇಲ್ಲ. ಇಂಥ ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಏಕೆಂದರೆ ಜನ ಹಣ ಕೊಡುವುದು ನೀವು ಅಂದುಕೊಂಡಿದ್ದ ಕೆಲಸಕ್ಕಿಂತ ಇವುಗಳಿಗೇ ಆಗಿರಬಹುದು.

ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಬೇಕು. ಅಡ್ವಾನ್ಸ್ ಹಣವನ್ನು ನಿಮ್ಮ ಖಾತೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಒಬ್ಬರ ಹಣವನ್ನು ಸಂಗ್ರಹಿಸಿ ಇನ್ನೊಬ್ಬರಿಗೆ ತಲುಪಿಸುವ ಆನ್‌ಲೈನ್ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ನಿಯಮಗಳಿವೆ, ಪ್ರಯೋಗದ ಹಂತದಲ್ಲಿರುವವರು ಅದರ ಹತ್ತಿರ ಸುಳಿಯಬಾರದು. ಗುರುತಿನ ದಾಖಲೆ ಬೇಕೇ ಬೇಕೆಂದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ, ಕೆಲಸ ಮುಗಿದ ಮೇಲೆ ಅಳಿಸಿಹಾಕಿ.

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಕರಾರು ನಮೂನೆಗಳನ್ನು ದಯವಿಟ್ಟು ಬಳಸಬೇಡಿ. ಅವುಗಳಲ್ಲಿ ಎಷ್ಟೋ ಮಹಾರಾಷ್ಟ್ರದ ‘ಲೀವ್ ಆ್ಯಂಡ್ ಲೈಸೆನ್ಸ್’ ಪದ್ಧತಿಯವು. ಅಲ್ಲಿಯ ಕಾಯ್ದೆ, ನೋಂದಣಿ, ಸ್ಟಾಂಪು ಎಲ್ಲವೂ ಬೇರೆ. ಊರಿನ ವಕೀಲರೊಬ್ಬರಿಗೆ ಶುಲ್ಕ ಕೊಟ್ಟು ಕನ್ನಡದಲ್ಲಿ ಒಂದು ನಮೂನೆ ಬರೆಸಿಕೊಳ್ಳಿ. ಈ ಇಡೀ ಪರೀಕ್ಷೆಯಲ್ಲಿ ನೀವು ನಿಜವಾಗಿ ಖರ್ಚು ಮಾಡಬೇಕಾದ ಹಣ ಇದೊಂದೇ. ರೆಡಿಮೇಡ್ ಆ್ಯಪ್ ಮಾರುವವರಿಗೂ ಫೋನ್ ನಂಬರುಗಳ ಪಟ್ಟಿ ಮಾರುವವರಿಗೂ ಒಂದು ರೂಪಾಯಿಯನ್ನೂ ಕೊಡಬೇಡಿ.

ನಾಲ್ಕನೆಯ ಹಂತ: ಹಣ ಕೇಳುವುದು

ಮೊದಲ ಮನೆಯಿಂದಲೇ, ಕೆಲಸ ಶುರುವಾಗುವ ಮೊದಲೇ ಕೇಳಿ. ಮೊತ್ತ ₹500 ಆದರೂ ಸರಿ. ಪುಕ್ಕಟೆ ಮಾಡಿಕೊಟ್ಟ ಸೇವೆಯಿಂದ ಜನ ಸೌಜನ್ಯವಂತರು ಎಂಬುದಷ್ಟೇ ಸಾಬೀತಾಗುತ್ತದೆ. ಶುಲ್ಕವನ್ನು ಮಾಲೀಕರಿಂದಲೇ ಪಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ: ಮನೆ ಬದಲಾಯಿಸುವ ತಿಂಗಳಿನಲ್ಲಿ ಬಾಡಿಗೆದಾರರ ಕೈ ಮೊದಲೇ ಬರಿದಾಗಿರುತ್ತದೆ, ಮತ್ತು ಮುಂದಿನ ಬಾಡಿಗೆದಾರರು ಬಂದಾಗಲೂ ನಿಮಗೆ ಸಿಗುವವರು ಅದೇ ಮಾಲೀಕರು. ‘ಮುನ್ನೂರಕ್ಕೆ ಮಾಡಿ’ ಎಂದು ಚೌಕಾಸಿ ಮಾಡಿದರೆ ಸಂತೋಷಪಡಿ. ಅವರಿಗೆ ಸೇವೆ ಬೇಕಾಗಿದೆ. ‘ಬಹಳ ಒಳ್ಳೆಯ ಕೆಲಸ, ಆಮೇಲೆ ಹೇಳುತ್ತೇನೆ’ ಎಂದವರ ಎದುರು ಸೊನ್ನೆ ಬರೆಯಿರಿ.

ಐದನೆಯ ಹಂತ: ಲೆಕ್ಕ

ಪ್ರಯೋಗಕ್ಕೆ ಇಳಿಯುವ ಮೊದಲೇ, ಹತ್ತರಲ್ಲಿ ಎಷ್ಟು ಮನೆಗಳು ಹಣ ಕೊಟ್ಟರೆ ಮುಂದುವರಿಯುತ್ತೀರಿ ಎಂಬುದನ್ನು ಬರೆದು ಸ್ನೇಹಿತರೊಬ್ಬರ ಕೈಯಲ್ಲಿ ಕೊಟ್ಟಿಡಿ. ನಾನಾದರೆ ನಾಲ್ಕು ಎನ್ನುತ್ತೇನೆ. ಪ್ರತಿ ಮನೆಗೆ ಎಷ್ಟು ಗಂಟೆ ಹಿಡಿಯಿತು ಎಂಬುದನ್ನು ಓಡಾಟವೂ ಸೇರಿ ಲೆಕ್ಕ ಹಾಕಿ. ಆರು ಗಂಟೆಯ ಕೆಲಸಕ್ಕೆ ಐನೂರು ರೂಪಾಯಿ ಬಂದರೆ ಬೆಲೆಯನ್ನಾದರೂ ಏರಿಸಬೇಕು, ಕೆಲಸವನ್ನಾದರೂ ಇಳಿಸಬೇಕು. ಸಾಫ್ಟ್‌ವೇರ್ ಮಾಡಿಸುವುದಿದ್ದರೆ ಹತ್ತು ಮನೆಗಳಲ್ಲೂ ಒಂದೇ ರೀತಿ ಮಾಡಿದ ಕೆಲಸಕ್ಕೆ ಮಾತ್ರ ಮಾಡಿಸಿ.

ಈ ವ್ಯಾಪಾರದ ನಿಜವಾದ ತೊಡಕು ಇರುವುದು ಹನ್ನೊಂದು ತಿಂಗಳ ಕರಾರಿನಲ್ಲಿಯೇ. ಒಂದು ಮನೆಗೆ ನೀವು ಮತ್ತೆ ಬೇಕಾಗುವುದು ಮುಂದಿನ ವರ್ಷ, ಅಲ್ಲಿಯ ತನಕ ಅವರು ನಿಮ್ಮನ್ನು ನೆನಪಿಟ್ಟುಕೊಂಡಿದ್ದರೆ. ಆದ್ದರಿಂದ ಮತ್ತೆ ಕರೆದವರ ಸಂಖ್ಯೆಗಾಗಿ ಕಾಯುತ್ತ ಕೂರದೆ, ಹತ್ತು ಮನೆಗಳವರಲ್ಲಿ ಎಷ್ಟು ಮಂದಿ ತಾವಾಗಿಯೇ ಪಕ್ಕದ ಮನೆಯವರಿಗೆ ನಿಮ್ಮ ನಂಬರ್ ಕೊಟ್ಟರು ಎಂಬುದನ್ನು ಎಣಿಸಿ. ಗುರುತಿಲ್ಲದ ನಂಬರಿನಿಂದ ಕರೆ ಬಂದಾಗ ಮೊದಲು, “ನನ್ನ ನಂಬರ್ ಯಾರು ಕೊಟ್ಟದ್ದು?” ಎಂದು ಕೇಳಿ, ಆ ಹೆಸರನ್ನು ಆಗಲೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಿ.