ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ: ತರಗತಿಯಲ್ಲಿ ನಮ್ಮೂರ ಕೆರೆ ಅಳೆದ ಬಗೆ

ನಾನು ತುಮಕೂರು ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಗೋಡೆಗೆ ನೇತುಹಾಕುವ ಭಾರತದ ನಕ್ಷೆಯೊಂದನ್ನೇ ನೆಚ್ಚಿಕೊಂಡರೆ ನಕ್ಷೆಯ ಪಾಠ ಬರೀ ನೆನಪಿನ ಪರೀಕ್ಷೆಯಾಗುತ್ತದೆ. ಗಂಗೆ ಎಲ್ಲಿ, ನರ್ಮದೆ ಎಲ್ಲಿ ಎಂದು ಬೆರಳಿಟ್ಟು ತೋರಿಸಿದರೆ ಮುಗಿಯಿತು. ತಮ್ಮೂರಿನ ನಕ್ಷೆ ಕೈಗೆ ಸಿಕ್ಕಾಗಲೇ ಮಕ್ಕಳು ಅದರ ಜೊತೆ ಜಗಳಕ್ಕೆ ನಿಲ್ಲುವುದು. ನನಗೆ ಬೇಕಾಗಿದ್ದದ್ದು ಆ ಜಗಳ.

ಮೊದಲು ಹಿಡಿದದ್ದು ಭಾರತೀಯ ಸರ್ವೇಕ್ಷಣ ಇಲಾಖೆಯ ಟೋಪೋಶೀಟು, ಅಂದರೆ ಬೆಟ್ಟ, ತೊರೆ, ದಾರಿಗಳನ್ನೆಲ್ಲ ವಿವರವಾಗಿ ತೋರಿಸುವ ನಕ್ಷೆಯ ಹಾಳೆ. ಹಿಂದೆ ಇದು ಬೇಕೆಂದರೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ತರಬೇಕಿತ್ತು. 2017ರಿಂದ 1:50,000 ಅಳತೆಯ ಹಾಳೆಗಳನ್ನು ಇಲಾಖೆಯ ಜಾಲತಾಣದಿಂದಲೇ ಉಚಿತವಾಗಿ ಇಳಿಸಿಕೊಳ್ಳಬಹುದು. ಹೆಸರು ನೋಂದಾಯಿಸಬೇಕು, ಅಷ್ಟೆ. ಹಳೆಯ ಸಂಖ್ಯೆಯಲ್ಲಿ ನಮ್ಮ ಭಾಗ 57 ಜಿ/3. ದೇವರಾಯನದುರ್ಗ ಇದೇ ಹಾಳೆಯಲ್ಲಿದೆ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬೆಟ್ಟ ಸಿಗಲಿಕ್ಕಿಲ್ಲ: ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ, ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿಗೆ ಹೋಗುತ್ತದೆ. ಮಕ್ಕಳು ತೊರೆಗಳ ಮೇಲೆ ನೀಲಿ ಪೆನ್ಸಿಲ್ ಆಡಿಸುತ್ತಾ ಹೋದರು. ಎರಡು ಕಡೆಯ ನೀಲಿ ಗೆರೆಗಳು ಬೆಟ್ಟದ ನೆತ್ತಿಯ ಹತ್ತಿರ ಬಂದು ಒಂದನ್ನೊಂದು ಮುಟ್ಟದೆ ನಿಂತವು. ಆ ಖಾಲಿ ಜಾಗದಲ್ಲಿ ಕೆಂಪು ಗೆರೆ ಎಳೆಯಿರಿ ಎಂದೆ. ಜಲವಿಭಾಜಕ ಎಂಬ ಪದವನ್ನು ಆಮೇಲೆ ಬೋರ್ಡಿನ ಮೇಲೆ ಬರೆದೆ.

ಒಂದು ಎಚ್ಚರಿಕೆ. ಜೆರಾಕ್ಸ್ ಅಂಗಡಿಯಲ್ಲಿ ಹಾಳೆಯನ್ನು ಎ3ಗೆ ಕುಗ್ಗಿಸಿ ಮುದ್ರಿಸಿಕೊಡುತ್ತಾರೆ. ಆಗ ‘2 ಸೆಂ.ಮೀ. ಅಂದರೆ 1 ಕಿ.ಮೀ.’ ಲೆಕ್ಕ ಕೆಡುತ್ತದೆ. ನಕ್ಷೆಯ ಕೆಳಗೆ ಕಿ.ಮೀ. ಗುರುತು ಹಾಕಿದ ಪಟ್ಟಿ, ಅಂದರೆ ರೇಖಾ ಮಾನಕ ಮಾತ್ರ ಜೊತೆಗೇ ಕುಗ್ಗುವುದರಿಂದ ದೂರವನ್ನು ಅದರಲ್ಲೇ ಅಳೆಸಿ.

ಮಕ್ಕಳು ನಿಜವಾಗಿ ಮೈಮರೆತದ್ದು ಉಪಗ್ರಹ ಚಿತ್ರದಲ್ಲಿ. ಯುರೋಪಿನ ಸೆಂಟಿನೆಲ್-2 ಚಿತ್ರಗಳನ್ನು ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮಳೆಗಾಲದ ಚಿತ್ರಗಳ ತುಂಬ ಮೋಡ. ಜನವರಿಯದೊಂದು, ಬೇಸಿಗೆಯದೊಂದು ಆರಿಸಿಕೊಂಡೆ. ಇದರಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ನಮ್ಮ ಗುಂಟೆ 33 ಅಡಿಗೆ 33 ಅಡಿ. ಹತ್ತು ಮೀಟರ್ ಅಂದರೆ 32.8 ಅಡಿ. ಹೆಚ್ಚುಕಡಿಮೆ ಒಂದು ಪಿಕ್ಸೆಲ್ಲಿಗೆ ಒಂದು ಗುಂಟೆ, ನಲವತ್ತು ಪಿಕ್ಸೆಲ್ಲಿಗೆ ಒಂದು ಎಕರೆ! ಚದರ ಮೀಟರ್ ಅಂದರೆ ಮುಖ ನೋಡುವ ಮಕ್ಕಳಿಗೆ ಗುಂಟೆ ಲೆಕ್ಕವನ್ನು ನಾನು ಹೇಳಿಕೊಡಬೇಕಿರಲಿಲ್ಲ. ಭಾಗ ಮಾಡಿಕೊಂಡ ಮನೆಗಳಲ್ಲಿ ಬೆಳೆದವರು ಅವರು.

ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬೆಳಕನ್ನು ಬಳಸಿದ ಚಿತ್ರದಲ್ಲಿ ನೀರು ಕಪ್ಪಗೆ, ಗಿಡಮರಗಳ ಹಸಿರು ಕೆಂಪಗೆ ಕಾಣುತ್ತದೆ. ಕೆರೆಯನ್ನು ಚೌಕ ಚೌಕವಾಗಿ ಕಾಣುವಷ್ಟು ಹಿಗ್ಗಿಸಿ ಮುದ್ರಿಸಿ, ಒಂದೊಂದು ಗುಂಪಿಗೆ ಒಂದೊಂದು ಪ್ರತಿ ಕೊಟ್ಟೆ. ಕಪ್ಪು ಚೌಕದಲ್ಲಿ ಚುಕ್ಕೆ ಇಟ್ಟು ಎಣಿಸುವುದು, ನಲವತ್ತರಿಂದ ಭಾಗಿಸುವುದು. ಅಂಚಿನಲ್ಲಿ ಅರ್ಧ ನೀರು, ಅರ್ಧ ಕೆಸರು ಇರುವ ಬೂದು ಚೌಕಗಳನ್ನು ಏನು ಮಾಡುವುದು? ಎರಡು ಸೇರಿಸಿ ಒಂದು ಎಂದು ಹುಡುಗಿಯರ ಗುಂಪು ತೀರ್ಮಾನಿಸಿತು, ಉಳಿದವರೂ ಒಪ್ಪಿದರು. ಕೆರೆಯ ಒಂದು ಮೂಲೆ ಕಡುಗೆಂಪಾಗಿತ್ತು. ಅದನ್ನು ನೆಲ ಎಂದು ಬಿಟ್ಟವರಿಗೆ, ಕುರಿ ಕಾಯಲು ಹೋಗುವ ಹುಡುಗನೊಬ್ಬ ತಡೆ ಹಾಕಿದ: “ಸಾ, ಅದೂ ನೀರೇ. ಮೇಲೆ ಜೊಂಡು ಬೆಳ್ಕಂಡೈತೆ.” ಉಪಗ್ರಹಕ್ಕೆ ಕಾಣದ್ದು ಅವನಿಗೆ ಗೊತ್ತಿತ್ತು. ಜೊಂಡಿನ ಚೌಕಗಳಿಗೆ ಬೇರೆ ಬಣ್ಣ ಹಚ್ಚಿ ಬೇರೆಯಾಗಿ ಎಣಿಸಿದರು.

ಈ ಲೆಕ್ಕವನ್ನು ಕೆರೆಯ ಪಹಣಿಯ ವಿಸ್ತೀರ್ಣದ ಪಕ್ಕ ಇಟ್ಟಾಗ ನೀರು ಕಡಿಮೆ, ಪಹಣಿ ಹೆಚ್ಚು. ಏಕೆ ಎಂದು ಕೇಳಿ ಸುಮ್ಮನೆ ಕೂತೆ. ಏರಿ ಇದೆ ಸಾರ್ ಅಂದರು, ಜಾಲಿ ಬೆಳೆದ ಅಂಗಳ ಇದೆ ಅಂದರು, ಒತ್ತುವರಿಯ ಮಾತೂ ಬಂತು. ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಹತ್ತು ಮೀಟರಿನ ಚೌಕದಿಂದ ಯಾರ ಬದುವನ್ನೂ ತೀರ್ಮಾನಿಸಲಾಗದು. ಅದಕ್ಕೆ ಸರ್ವೆಯರ್ ಬರಬೇಕು. ತರಗತಿಗೆ ಕೆರೆಯ ಪಹಣಿ ಸಾಕು, ಖಾಸಗಿ ಜಮೀನಿನದು ಬೇಡ.

ಕಂದಾಯ ಗ್ರಾಮ ನಕ್ಷೆಯೂ ಭೂದಾಖಲೆಗಳ ಇಲಾಖೆಯ ತಾಣದಲ್ಲಿ ಸಿಗುತ್ತದೆ. ಸರ್ವೆ ನಂಬರು, ಹಳ್ಳ, ಬಂಡಿದಾರಿ ಎಲ್ಲ ಅದರಲ್ಲಿವೆ. ಏರಿಯ ಮೇಲೆ ನಿಂತು ಫೋನಿನಲ್ಲಿ ದಿಶಾಂಕ್ ಎಂಬ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರು ತೋರಿಸುತ್ತದೆ.

ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನಮ್ಮೂರ ರಸ್ತೆಗಳಿದ್ದವು, ಹಳ್ಳಗಳಿಗೆ ಹೆಸರಿರಲಿಲ್ಲ. ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಜಾಲತಾಣದ ನಕ್ಷೆ ಅದು. ಮಕ್ಕಳು ಊರ ಹಿರಿಯರನ್ನು ಕೇಳಿ ಬಂದರು. “ತಾತ, ಕೋಡಿ ಬಿದ್ರೆ ಈ ನೀರು ಎಲ್ಲಿಗೆ ಹೋಗುತ್ತೆ?” ಎಂದರೆ ಹಳ್ಳದ ಹೆಸರಿನ ಜೊತೆ ಮುಂದಿನ ಕೆರೆಯ ಹೆಸರೂ ಸಿಗುತ್ತದೆ. ಆ ನಕ್ಷೆಯಲ್ಲಿ ಕನ್ನಡ ಹೆಸರಿಗೆ ಬೇರೆಯೇ ಜಾಗವಿದೆ. ನನ್ನ ಖಾತೆಯಿಂದ ನಾನೇ ತುಂಬಿದೆ. ಗೂಗಲ್ ನಕ್ಷೆ ನೋಡಿ ನಕಲು ಮಾಡುವಂತಿಲ್ಲ ಎಂಬುದನ್ನು ಮಕ್ಕಳಿಗೂ ಹೇಳಿ.

ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತವೇ. ಆದರೆ ಅಲ್ಲಿಂದ ಶುರುಮಾಡಬೇಡಿ. ಪಾಠ ಬಿಟ್ಟು ತಂತ್ರಾಂಶ ಕಲಿಸುವುದೇ ಕೆಲಸವಾದೀತು. ಬಣ್ಣದ ಪೆನ್ಸಿಲ್ ಸಾಕು. ಇಡೀ ದೇಶದ ನಕ್ಷೆ ಬೇಕಾದಾಗ ಮಾತ್ರ ಗಡಿರೇಖೆಯನ್ನು ಸರ್ವೇಕ್ಷಣ ಇಲಾಖೆಯದರಿಂದಲೇ ತೆಗೆದುಕೊಳ್ಳಿ. ಹೊರದೇಶದ ತಾಣಗಳು ಕಾಶ್ಮೀರದ ಗಡಿಯನ್ನು ಬೇರೆ ರೀತಿ ತೋರಿಸುತ್ತವೆ, ಇಲಾಖೆಯ ನಕ್ಷೆಗೆ ಹೊಂದದ ಗಡಿ ಪ್ರಕಟಿಸುವುದು 1961ರ ಕಾಯ್ದೆಯಂತೆ ಅಪರಾಧ. ಚಾರ್ಟು ಗೋಡೆಗೆ ಅಂಟಿಸುವ ಮುಂಚೆ ಕೆಳಗೆ ಚಿತ್ರದ ದಿನಾಂಕ, ದತ್ತಾಂಶ ಕೊಟ್ಟವರ ಹೆಸರು ಬರೆಸಿ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿದ್ದರೆ ಅದು ಪರವಾನಗಿಯ ಷರತ್ತು ಕೂಡ.